ನನ್ನ ಪಟ್ಟಿಯಲ್ಲಿದ್ದ ಅತ್ತೆಯ ಬಳೆಗಳು

ಕಳೆದ ಶನಿವಾರ ನಮ್ಮ ಸೊಸೈಟಿಯ ಹೊರಗಿನ ವಾರದ ಸಂತೆಯಲ್ಲಿ, ಮಸಾಲೆ ಮಾರುವವನ ಗಾಡಿಯ ಮುಂದೆ ನಿಂತಿದ್ದೆ. ಒಣಶುಂಠಿಯ ಪಕ್ಕದಲ್ಲಿ ಒಂದು ಚೀಲದ ತುಂಬ ಅಂಟುವಾಳಕಾಯಿ. ಇಲ್ಲಿಯ ಹಿಂದಿಯವರು ರೀಠಾ ಎನ್ನುತ್ತಾರೆ. ಒಂದನ್ನು ಎತ್ತಿ ಮೂಸಿದೆ. ಹಳೆಯ ಬೆಲ್ಲ ಹುಳಿಬಂದಂಥ ವಾಸನೆ... ಎಷ್ಟು ಕೊಡಲಿ ಎಂದು ಗಾಡಿಯ ಭಯ್ಯಾ ಎರಡು ಸಲ ಕೇಳಿದ. ಏನೂ ಕೊಳ್ಳದೆ ಮನೆಗೆ ಬಂದುಬಿಟ್ಟೆ.

ದೀಪಾವಳಿಗೆ ಮುಂಚೆ ಅತ್ತೆ ಅಂಟುವಾಳವನ್ನು ಬಿಸಿನೀರಿನಲ್ಲಿ ನೆನೆಹಾಕುತ್ತಿದ್ದರು. ನೊರೆ ಎದ್ದ ಮೇಲೆ ಕೈಯಲ್ಲಿದ್ದ ನಾಲ್ಕು ಚಿನ್ನದ ಬಳೆಗಳನ್ನು ಸಾಬೂನು ಹಚ್ಚಿ ಜಾರಿಸಿ ತೆಗೆದು, ಅದರಲ್ಲಿ ಮುಳುಗಿಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತಿದ್ದರು. ಬೇರೆ ಯಾರ ಕೈಗೂ ಆ ಕೆಲಸ ಕೊಟ್ಟವರಲ್ಲ.

ಅತ್ತೆ ಕುಂದಾಪುರದ ಕಡೆಯವರು. ಮಾವ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ಗಳ ನಡುವೆ ಪುಟ್ಟ ದೋಸೆ ಹೋಟೆಲು ನಡೆಸುತ್ತಿದ್ದರಂತೆ. ನಾನು ಸೊಸೆಯಾಗಿ ಬರುವಷ್ಟರಲ್ಲಿ ಮಾವನೂ ಇರಲಿಲ್ಲ, ಹೋಟೆಲೂ ಇರಲಿಲ್ಲ. ಆ ಬಳೆಗಳು ತವರಿನವರು ಹಾಕಿದ್ದಲ್ಲ, ಮಾವ ಮಾಡಿಸಿದ್ದೂ ಅಲ್ಲ. ಕ್ವಾರ್ಟರ್ಸ್‌ನ ಮನೆಮನೆಗೆ ಸಾರಿನಪುಡಿ, ಹಪ್ಪಳ ಮಾರಿ, ವರ್ಷಗಟ್ಟಲೆ ಕೂಡಿಟ್ಟು ಅತ್ತೆಯೇ ಒಂದೊಂದಾಗಿ ಮಾಡಿಸಿಕೊಂಡದ್ದು. ಇದು ನನಗೆ ಗೊತ್ತಿತ್ತು. ಇಂದಿರಾಪುರಂನ ಈ ಫ್ಲ್ಯಾಟಿನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಅವರೇ ಹೇಳಿದ್ದರು. ಗೊತ್ತಿದ್ದೂ ಮಾಡಿದೆ ಎಂಬುದೇ ಇವತ್ತಿಗೂ ನನ್ನ ತಲೆ ತಗ್ಗಿಸುವುದು.

ಗೃಹಪ್ರವೇಶದ ದಿನ ನನ್ನ ಬರಿಗೈ ನೋಡಿ, "ಯಜಮಾನ್ತಿ ಹೀಗೆ ಕೂತ್ಕೊಳ್ಳೂದಾ ಮಾರಾಯ್ತಿ" ಎಂದು ಅತ್ತೆ ತಮ್ಮ ಬಳೆಗಳನ್ನು ನನಗೆ ತೊಡಿಸಿದ್ದರು. ಫೋಟೋದಲ್ಲಿ ನಾನು ಕಲಶ ಹಿಡಿದಿದ್ದೇನೆ, ಬಳೆಗಳು ಮೊಣಕೈವರೆಗೆ ಜಾರಿವೆ. ಸಂಜೆ ಬಿಚ್ಚಿ ಕೊಟ್ಟೆ.

ಮನೆ ಗಂಡ ಹೆಂಡತಿ ನಮ್ಮಿಬ್ಬರ ಹೆಸರಿನಲ್ಲಿತ್ತು, ಸಾಲವೂ. ನನ್ನ ಗಂಡನಾಗಿದ್ದವನನ್ನು ಈಗ ನಾನು ಅತ್ತೆಯ ಮಗ ಎಂದೇ ನೆನೆಯುವುದು. ಅವನು ಕೆಲಸ ಬಿಟ್ಟು ಆಫೀಸುಗಳಿಗೆ ಊಟ ಕಳಿಸುವ ವ್ಯವಹಾರ ಶುರುಮಾಡಿದ. ಒಂದೂವರೆ ವರ್ಷದಲ್ಲಿ ಅದು ಮುಳುಗಿತು. ಮನೆಯ ಕಂತು ಮೂರು ತಿಂಗಳು ತಪ್ಪಿ, ಬ್ಯಾಂಕಿನವರು ಬಾಗಿಲಿಗೆ ಬರತೊಡಗಿದಾಗ ಅತ್ತೆ ತಾವಾಗಿಯೇ ಬಳೆ ಬಿಚ್ಚಿದರು. ಅಡವಿಡಲು ಅವರ ಜೊತೆ ಹೋದವಳು ನಾನು. ಅವರ ಆಧಾರ್ ಕಾರ್ಡಿನಲ್ಲಿ ಇನ್ನೂ ಆರ್.ಕೆ.ಪುರಂನ ಹಳೆಯ ವಿಳಾಸವಿತ್ತು. ಅಡವು ಹಿಡಿಯುವವರು ಬೇರೆ ಕಾಗದಗಳನ್ನು ಕೇಳಿದರು. "ನಿನ್ನ ಹೆಸರಲ್ಲೇ ಇಡು, ಯಾರ ಹೆಸರಾದ್ರೇನು" ಅಂದರು ಅತ್ತೆ. ರಸೀದಿ ನನ್ನ ಹೆಸರಿಗಾಯಿತು.

ಆಮೇಲೆ ಒಂದೊಂದೇ ಹೊರಬಿತ್ತು. ಅವನು ಕ್ರೆಡಿಟ್ ಕಾರ್ಡುಗಳ ಮೇಲೆ ತೆಗೆದದ್ದು, ನನ್ನನ್ನು ಸಹಸಾಲಗಾರಳಾಗಿ ತೋರಿಸಿ ಎತ್ತಿದ್ದ ಇನ್ನೊಂದು ಸಾಲ. ಮನೆಗೆ ಸಂಬಂಧಿಸಿದ್ದು ಎಂದು ಅವನು ಮುಂದೊಡ್ಡಿದ ಕಾಗದಕ್ಕೆ ಓದದೆ ಸಹಿ ಹಾಕಿದ್ದೆ. ವಸೂಲಿಯವರು ನನ್ನ ಆಫೀಸಿಗೇ ಫೋನು ಮಾಡಿದ ದಿನ, ಇನ್ನು ಇವನೊಂದಿಗೆ ಇರಲಾರೆ ಅನಿಸಿತು. ಜಗಳ, ವಕೀಲರು, ನೋಟೀಸು. ತಾಯಿ ಮಗ ಇಬ್ಬರೂ ಹಳೆಯ ಘಾಜಿಯಾಬಾದಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಹೋದರು. ಹೋಗುವ ದಿನ ಅತ್ತೆ ಫ್ರಿಜ್ಜಿನಲ್ಲಿ ದೋಸೆಹಿಟ್ಟು ಇದೆ, ನಾಳೆಗೆ ಹುಳಿಯಾಗುತ್ತೆ, ಇವತ್ತೇ ಹುಯ್ದುಕೋ ಎಂದು ಹೇಳಿ ಲಿಫ್ಟು ಹತ್ತಿದರು.

ನನ್ನ ವಕೀಲೆ ನನಗೆ ಸೇರಿದ ಒಡವೆ ವಸ್ತುಗಳ ಪಟ್ಟಿ ಕೇಳಿದರು. ಫೋಟೋ, ರಸೀದಿ ಏನಿದ್ದರೂ ಜೊತೆಗಿಡಿ ಅಂದರು. ತವರಿನವರು ಕೊಟ್ಟ ಸರ, ಓಲೆ ಬರೆದೆ. ಆಮೇಲೆ ಬರೆದೆ: ಚಿನ್ನದ ಬಳೆ, ನಾಲ್ಕು. ಹೇಗೂ ಇವನು ಬಿಡಿಸಿಕೊಂಡು ಮಾರಿ ತಿನ್ನುತ್ತಾನೆ, ನನ್ನ ಬಾಳು ಹಾಳುಮಾಡಿದ್ದಕ್ಕೆ ಇಷ್ಟಾದರೂ ತೆರಲಿ ಅಂದುಕೊಂಡೆ. ಕಿತ್ತುಕೊಳ್ಳುತ್ತಿರುವುದು ಅವನಿಂದ ಎಂದು ನನಗೆ ನಾನೇ ಹೇಳಿಕೊಂಡೆ.

ಅವನ ಕಡೆಯವರು ಒಪ್ಪಲಿಲ್ಲ, ಅವು ತಾಯಿಯ ಬಳೆಗಳು ಎಂದರು. ಹಾಗಾಗಿ ಕೋರ್ಟಿನ ರಾಜಿಮಾತಿನ ಕೋಣೆಗೆ ಅತ್ತೆಯನ್ನು ಕರೆಸಿದರು. ಮೇ ತಿಂಗಳ ಬಿಸಿಲು. ಶೇರ್ ಆಟೋದಲ್ಲಿ ಬಂದಿದ್ದರು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಎರಡೂ ಕೈ ಬರಿದಾಗಿತ್ತು. ಮಧ್ಯಸ್ಥಿಕೆಯ ಮೇಡಂ ಗೃಹಪ್ರವೇಶದ ಫೋಟೋವನ್ನೂ ಅಡವಿನ ರಸೀದಿಯನ್ನೂ ಅವರ ಮುಂದಿಟ್ಟು, ಈ ಬಳೆಗಳು ಯಾರವು ಎಂದು ಹಿಂದಿಯಲ್ಲಿ ಕೇಳಿದರು. ಅತ್ತೆ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ನನ್ನ ಫೈಲಿನ ದಾರ ಬಿಚ್ಚಿ ಕಟ್ಟುತ್ತಿದ್ದೆ.

"ಬಹೂ ಕೀ ಹೈಂ," ಅಂದರು. ಸೊಸೆಯವು.

ಅವರ ಮಗ "ಅಮ್ಮಾ" ಎಂದು ಎದ್ದುನಿಂತ. ಅತ್ತೆ ಅವನಿಗೆ ಕನ್ನಡದಲ್ಲಿ, "ಕೂತ್ಕೋ. ನಿನ್ನ ಸಾಲಕ್ಕೆ ಅವಳು ಯಾಕೆ ಸಾಯ್ಬೇಕು?" ಎಂದರು. ಮೇಡಂಗೆ ಅರ್ಥವಾಗಲಿಲ್ಲ. ಅರ್ಥವಾದ ನಾನು ಬಾಯಿ ಬಿಡಲಿಲ್ಲ. ಇಲ್ಲ, ಅವು ಅವರದೇ ಎನ್ನಲು ಒಂದು ಉಸಿರು ಸಾಕಿತ್ತು...

ಹೊರಗೆ ನೀರಿನ ಕೂಲರಿನ ಹತ್ತಿರ ನಾನು ಒಬ್ಬಳೇ ನಿಂತಿದ್ದಾಗ ಅತ್ತೆ ಬಂದರು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಬೇಕು ಅಂತ ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ? ಕಾಗದದಲ್ಲಿ ಸುಳ್ಳು ಯಾಕೆ ಬರೆದೆ?"

ನಾನು ಲೋಟದ ನೀರು ಕುಡಿದೆ. ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದೆ. ಮಗ ಕರೆದ, ಅವರು ಹೋದರು.

ಅದಾದ ಮೇಲೆ ರಾಜಿ ಬೇಗ ಆಯಿತು. ಕಾರ್ಡುಗಳ ಬಾಕಿ, ವ್ಯವಹಾರದ ಸಾಲ ಅವನಿಗೆ. ಮನೆ ಮತ್ತು ಅದರ ಉಳಿದ ಸಾಲ ನನಗೆ, ಆದರೆ ಅವನ ಪಾಲಿಗೆಂದು ಒಂದು ಮೊತ್ತ ನಾನು ಕೊಡಬೇಕು. ಅದಕ್ಕೆ ಕೈಯಲ್ಲಿದ್ದ ಹಣ ಸಾಲದೆ ಹೋದಾಗ ಬಳೆಗಳನ್ನು ಬಿಡಿಸಿ ಮಾರಿದೆ. ಅಂಗಡಿಯವನು ತಕ್ಕಡಿಗೆ ಹಾಕುವ ಮುಂಚೆ ಬ್ರಶ್ಶಿನಿಂದ ತಿಕ್ಕಿ, ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಮೆಚ್ಚಿದ. ಹೌದು ಅಂದೆ. ಅತ್ತೆಯ ಬಳೆ ಮಾರಿದ ದುಡ್ಡಿನಿಂದಲೇ ಅತ್ತೆಯ ಮಗನನ್ನು ಈ ಮನೆಯಿಂದ ಬಿಡಿಸಿದೆ. ಅವನ ಜೊತೆಗೆ ಅತ್ತೆಯನ್ನೂ.

ಎರಡು ವರ್ಷವಾದ ಮೇಲೆ ಒಂದು ಭಾನುವಾರ, ಬಳೆಗಳ ಬೆಲೆಗೆ ಚೆಕ್ಕು ಬರೆದುಕೊಂಡು ಅತ್ತೆಯ ಮನೆಗೆ ಹೋದೆ. ಮಗ ಇರಲಿಲ್ಲ. ಅತ್ತೆ ಬಾಗಿಲು ತೆಗೆದು, ಮೊನ್ನೆಯಷ್ಟೇ ಬಂದುಹೋದವಳನ್ನು ಕರೆಯುವಂತೆ ಒಳಗೆ ಕರೆದರು. ನೆಲದ ಮೇಲೆ ಹಳೆಯ ಸೀರೆ ಹಾಸಿ ಮೆಣಸಿನಕಾಯಿ ಒಣಹಾಕಿದ್ದರು. ಮತ್ತೆ ಸಾರಿನಪುಡಿ ಮಾಡಿ ಮಾರುತ್ತಿದ್ದರು, ಆ ವಯಸ್ಸಿನಲ್ಲಿ. ಘಾಟಿಗೆ ಕೆಮ್ಮು ಬಂತು. ಮಜ್ಜಿಗೆ ಕೊಟ್ಟರು. ನನ್ನ ಆಫೀಸು, ನನ್ನ ತಾಯಿಯ ಮಂಡಿನೋವು, ಎಲ್ಲ ವಿಚಾರಿಸಿದರು. ಚೆಕ್ಕು ಬ್ಯಾಗಿನಲ್ಲಿತ್ತು. ಅದನ್ನು ಹೊರತೆಗೆದರೆ ಯಾಕೆಂದು ಹೇಳಬೇಕಿತ್ತು. ಹೇಳಿದರೆ ಅಂದು ಕೋಣೆಯಲ್ಲಿ ಕೂತಿದ್ದವಳು ಎಂಥವಳು ಎಂಬುದನ್ನೂ ಒಪ್ಪಬೇಕಿತ್ತು. ಎರಡು ಸಲ ಬ್ಯಾಗಿನ ಜಿಪ್ ಎಳೆದೆ, ಎರಡು ಸಲವೂ ಕರ್ಚೀಫು ತೆಗೆದೆ.

"ಮನೆ ಸಾಲ ಎಲ್ಲಿಗೆ ಬಂತು?" ಅಂತ ನಾನು ಹೊರಟಾಗ ಮೆಟ್ಟಿಲ ಹತ್ತಿರ ಕೇಳಿದರು.

"ಇನ್ನೂ ಏಳು ವರ್ಷ ಇದೆ ಅತ್ತೆ."

"ಬೇಗ ತೀರ್ಲಿ. ಸಾಲ ಇದ್ದ ಮನೆಯಲ್ಲಿ ನಿದ್ದೆ ಸರಿಯಾಗಿ ಬರೂದಿಲ್ಲ."

ಅರ್ಧ ಕಿಲೋ ಸಾರಿನಪುಡಿ ಕಟ್ಟಿಕೊಟ್ಟರು. ನಾನು ಚೆಕ್ಕನ್ನು ಹಾಗೇ ವಾಪಸ್ಸು ತಂದೆ, ಪುಡಿಯನ್ನೂ ತಂದೆ. ಕೊಡಲು ಹೋದವಳು ಮತ್ತೆ ತೆಗೆದುಕೊಂಡೇ ಬಂದೆ. ಇನ್ನೊಂದು ಸಲ ಹೋಗೋಣ, ಹಬ್ಬ ಕಳೆಯಲಿ, ಚಳಿ ಕಳೆಯಲಿ... ಹೀಗೆ ಮುಂದೂಡುತ್ತಿದ್ದೆ. ಒಂದು ಬೆಳಿಗ್ಗೆ ಅವರ ಮಗನಿಂದ ಫೋನಿಗೆ ಒಂದು ಸಾಲು ಬಂತು, ಅಮ್ಮ ತೀರಿಕೊಂಡಳು ಎಂದು. ಹದಿಮೂರನೆಯ ದಿನವೂ ಮುಗಿದ ಮೇಲೆ ಕಳಿಸಿದ್ದ.

ಈ ವರ್ಷ ಮನೆಯ ಸಾಲ ತೀರಿತು. ಬ್ಯಾಂಕಿನವರು ಮೂಲ ಪತ್ರಗಳನ್ನು ಕೊಟ್ಟರು, ಅಭಿನಂದನೆ ಹೇಳಿದರು. ಸಂತೆಯಿಂದ ಬರಿಗೈಲಿ ಬಂದ ಆ ಶನಿವಾರ ಸಂಜೆ ಅತ್ತೆಯ ಮಗನಿಗೆ ಫೋನು ಮಾಡಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಆ ಬಳೆಗಳು ನಿನ್ನ ಅಮ್ಮನವು, ನಾನು ಸುಳ್ಳು ಬರೆದಿದ್ದೆ ಅಂದೆ.

ಅವನು ಹೇಳಿದ: "ಗೊತ್ತು. ನಾನು ಆ ಮಾತು ಎತ್ತಿದಾಗೆಲ್ಲ ಅಮ್ಮ ಗದರ್ತಿದ್ಲು. ಅವು ಅವಳದೇ, ನಾನೇ ಕೊಟ್ಟದ್ದು ಅಂತಿದ್ಲು. ಕೊನೇವರೆಗೂ."

ಇವತ್ತಿನ ಬೆಲೆ ಕಟ್ಟಿ ಹಣ ಕಳಿಸುತ್ತೇನೆ ಎಂದೆ. ಅವನು ಬೇಡವೆನ್ನಲಿಲ್ಲ. ಅಕೌಂಟ್ ನಂಬರು ಕಳಿಸಿದ, ಹಾಕಿದೆ, ಬಂತು ಎಂದು ತಿಳಿಸಿದ. ನಾವಿಬ್ಬರೂ ಇನ್ನು ಒಬ್ಬರಿಗೊಬ್ಬರು ಏನೂ ಕೊಡಬೇಕಾದ್ದಿಲ್ಲ.

ಫೋನಿಟ್ಟ ಮೇಲೆ ಅತ್ತೆ ಮಲಗುತ್ತಿದ್ದ ಸಣ್ಣ ಕೋಣೆಗೆ ಹೋಗಿ ಕೂತೆ. ಅವರು ಬದುಕಿದ್ದಾಗ ಅವರ ಮನೆಗೆ ಆಟೋದಲ್ಲಿ ಅರ್ಧ ಗಂಟೆಯ ದಾರಿ. ಆ ಒಂದು ಮಾತು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು, ಹೇಳಿದ್ದೂ ಅವರಿಗಲ್ಲ.