ಸಿಂಪಿ ಚಾಕು ಇಟ್ಟು ಸೂಜಿ ಹಿಡಿದ ಉನ್‌ಸಿಲ್‌ಳ ಲೆಕ್ಕ

ಕಡಲ ಸಿಂಪಿಯ ಚಿಪ್ಪು ತೆರೆದು ಮಾಂಸ ಬಿಡಿಸುವ ಶೆಡ್ಡಿನಲ್ಲಿ ದುಡಿಯುವವರೆಲ್ಲ ವರ್ಷಕ್ಕೊಮ್ಮೆ ಆರೋಗ್ಯ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಪ್ಯೊ ಉನ್‌ಸಿಲ್ ಹದಿನಾಲ್ಕು ವರ್ಷಗಳಿಂದ ತೊಂಗ್‌ಯೊಂಗ್ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ತೋಳು ಚಾಚಿ, ಮುಖ ಆ ಕಡೆ ತಿರುಗಿಸಿ ಕೂತು ಬರುತ್ತಿದ್ದಳು. ಅವಳಿಗೆ ಮೂವತ್ತೆಂಟು ತುಂಬಿದ ವರ್ಷ ಮಾತ್ರ, ರಕ್ತ ತೆಗೆದ ಹೆಂಗಸು ಅವಳ ಬೆರಳುಗಳ ಮೇಲಿನ ಗೀರುಗಳನ್ನು ನೋಡಿ ಮಾತಿಗೆಳೆದಳು.

"ಸಿಂಪಿ ಬಿಡಿಸ್ತೀರಾ? ನಮ್ಮಮ್ಮಾನೂ ಅದೇ ಕೆಲಸ ಮಾಡ್ತಿದ್ರು."

ಜನ ಹೆಚ್ಚಿರಲಿಲ್ಲ. ಮಾತಿಗೆ ಮಾತು ಬೆಳೆಯಿತು. "ನನ್ನ ರಕ್ತ ತಗೊಂಡು ಹೋಗಿ ಅದರಲ್ಲಿ ಏನು ನೋಡ್ತೀರಿ?" ಎಂದು ಉನ್‌ಸಿಲ್ ಕೇಳಿದಳು. ಆ ಹೆಂಗಸು ಬಾಯಿಮಾತಿನಲ್ಲಿ ಹೇಳುವ ಬದಲು ಅವಳನ್ನು ಒಳಗೆ ಕರೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸವರಿ, ಬಣ್ಣ ಹಾಕಿ ಒಣಗಿಸಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

ಮೊದಲು ಕಂಡದ್ದು ಉನ್‌ಸಿಲ್‌ಳದೇ ರೆಪ್ಪೆಗೂದಲು. ಕಣ್ಣು ಸ್ವಲ್ಪ ಹಿಂದೆ ಸರಿಸಿದಾಗ ತಿಳಿಗುಲಾಬಿ ಬಣ್ಣದ ನೂರಾರು ದುಂಡು ಬಿಲ್ಲೆಗಳು ಕಂಡವು. ಅವುಗಳ ನಡುವೆ ನೇರಳೆ ಗುಂಡಿಗೆಯಂಥದ್ದೇನನ್ನೋ ಹೊತ್ತ ದೊಡ್ಡದೊಂದು ಕೂತಿತ್ತು.

"ಇದು ನಾನಾ?"

"ನೀವೇ. ಆ ನೇರಳೆದು ರೋಗ ತಡೆಯೋ ನಿಮ್ಮ ಕಾವಲುಗಾರ."

ಉನ್‌ಸಿಲ್ ಕುರ್ಚಿ ಬಿಟ್ಟು ಏಳಲಿಲ್ಲ. ಈ ಕೆಲಸಕ್ಕೆ ಎಷ್ಟು ಓದಬೇಕು, ಎಷ್ಟು ಖರ್ಚು, ಸಂಬಳ ಎಷ್ಟು ಎಂದು ಒಂದೇ ಉಸಿರಿಗೆ ಕೇಳಿದಳು. ಹತ್ತಿರದ ಚಿಂಜು ನಗರದ ಕಾಲೇಜಿನಲ್ಲಿ ಮೂರು ವರ್ಷ, ಆಮೇಲೆ ಸರಕಾರದ ಪರೀಕ್ಷೆ, ಅದು ಪಾಸಾದರೆ ಪ್ರಯೋಗಾಲಯ ತಂತ್ರಜ್ಞೆಯ ಪ್ರಮಾಣಪತ್ರ ಎಂದು ಆಕೆ ಹೇಳಿದಳು. ತನ್ನ ತರಗತಿಯಲ್ಲಿ ನಲವತ್ತೈದು ವರ್ಷದವರೊಬ್ಬರು ಇದ್ದರು ಎಂದೂ ಸೇರಿಸಿದಳು. ಆ ಕೊನೆಯ ಮಾತನ್ನೇ ಮೆಲುಕು ಹಾಕುತ್ತಾ ಬಸ್ಸಿನಲ್ಲಿ ಕೂತ ಉನ್‌ಸಿಲ್, ತಾನು ಇಳಿಯುವ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋದಳು.

ಮರುದಿನ ಬೆಳಗಿನ ವಿರಾಮದಲ್ಲಿ ಶೆಡ್ಡಿನ ಮೂಲೆಯಲ್ಲಿ ಕೂತು, ಸಿಂಪಿ ತುಂಬುವ ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು, ಅದರ ಮೇಲೆ ದಪ್ಪ ಪೆನ್ನಿನಲ್ಲಿ ಲೆಕ್ಕ ಹಾಕಿದಳು. ದಿನಕ್ಕೆ ಮೂವತ್ತು ಕಿಲೋ ಬಿಡಿಸಿದರೆ ಒಂದು ಲಕ್ಷದ ಐದು ಸಾವಿರ ವೊನ್. ಸಿಂಪಿ ಸಿಗುವ ಏಳು ತಿಂಗಳಿಗೆ ಅದು ಒಂದು ಕೋಟಿ ಎಪ್ಪತ್ತಾರು ಲಕ್ಷ. ಬೇಸಿಗೆಯಲ್ಲಿ ಸೊನ್ನೆ. ಪ್ರಯೋಗಾಲಯದಲ್ಲಿ ಹೊಸಬರಿಗೆ ತಿಂಗಳಿಗೆ ಇಪ್ಪತ್ತನಾಲ್ಕು ಲಕ್ಷವಾದರೂ ಹನ್ನೆರಡು ತಿಂಗಳೂ ಸಿಗುತ್ತದೆ. ವರ್ಷಕ್ಕೆ ಒಂದು ಕೋಟಿ ಹನ್ನೆರಡು ಲಕ್ಷ ಹೆಚ್ಚು. ಆದರೆ ಸರಕಾರದ ನೆರವು ಕಳೆದ ಮೇಲೂ ಕಾಲೇಜಿನ ಫೀಸು ಒಂದು ಕೋಟಿ, ಬಸ್ಸು ಪುಸ್ತಕಕ್ಕೆ ಮೂವತ್ತು ಲಕ್ಷ. ಶನಿವಾರ ಭಾನುವಾರ ಮಾತ್ರ ಶೆಡ್ಡಿಗೆ ಬಂದರೆ ಮೂರು ವರ್ಷದಲ್ಲಿ ಕೈತಪ್ಪುವ ಕೂಲಿ ಮೂರು ಕೋಟಿ ಅರವತ್ತು ಲಕ್ಷ. ಕೂಡಿ ಭಾಗಿಸಿದಾಗ, ಹಾಕಿದ ಹಣ ಮರಳಲು ಕೆಲಸಕ್ಕೆ ಸೇರಿದ ಮೇಲೂ ನಾಲ್ಕೂವರೆ ವರ್ಷ ಬೇಕು ಎಂದು ಬಂತು. ಅಷ್ಟರಲ್ಲಿ ಅವಳಿಗೆ ನಲವತ್ತಾರು.

ಉತ್ಸಾಹ ಅರ್ಧಕ್ಕೆ ಇಳಿಯಿತು. ರಟ್ಟನ್ನು ಮಡಚಿ ಏಪ್ರನ್ನಿನ ಒಳಗೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಅತ್ತೆ ಮಾಕ್ಸುನ್ ಅದನ್ನು ಎಳೆದುಕೊಂಡಳು. ಅರವತ್ತೆಂಟರ ಮಾಕ್ಸುನ್ ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು.

"ಏನೇ ಇದು, ಕಳ್ಳ ಚೀಟಿ ಹಾಗೆ ಬಚ್ಚಿಡ್ತಿದ್ದೀಯ?"

ಉನ್‌ಸಿಲ್ ಎಲ್ಲ ಹೇಳಿದಳು. ಪಕ್ಕದ ಹೆಂಗಸರು ಕಿವಿ ನಿಮಿರಿಸಿದರು. "ಬೆನ್ನಿಗೆ ಚೀಲ ಹಾಕ್ಕೊಂಡು ಹೋಗ್ತಾಳಂತೆ, ತಲೆಗೆ ರಿಬ್ಬನ್ನೂ ಕಟ್ರೇ," ಎಂದು ಒಬ್ಬಳು ನಗಾಡಿದಳು. ಮಾಕ್ಸುನ್ ನಗಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದಿ, ಮೊದಲ ಸಾಲಿಗೆ ಮರಳಿ ಬಂದಳು.

"ಇದು ತಪ್ಪು."

"ಯಾವುದು ಅತ್ತೆ?"

"ಮೂವತ್ತು ಕಿಲೋ. ಪ್ರತಿ ವರ್ಷಾನೂ ಮೂವತ್ತೇ ಬರ್ದಿದ್ದೀಯಲ್ಲ, ನಿನ್ನ ಕೈ ಏನು ಕಬ್ಬಿಣದ್ದಾ?" ಮಾಕ್ಸುನ್ ರಬ್ಬರ್ ಕೈಗವಸು ಕಿತ್ತು ಬಲಗೈ ಹೆಬ್ಬೆರಳು ತೋರಿಸಿದಳು. ಅದು ಮಡಚುತ್ತಿರಲಿಲ್ಲ. "ನಲವತ್ತರಲ್ಲಿ ನಾನು ನಲವತ್ತೈದು ಕಿಲೋ ಬಿಡಿಸ್ತಿದ್ದೆ. ಈಗ ಹದಿನೆಂಟಾದ್ರೆ ದೊಡ್ಡದು. ನಡುವೆ ಎರಡು ಸಲ ಮಣಿಕಟ್ಟು ಕೊಯ್ಸಿದೀನಿ. ಆ ಆಸ್ಪತ್ರೆ ಖರ್ಚು ಇದರಲ್ಲಿ ಎಲ್ಲಿದೆ? ಇಳಿಯೋ ಕಿಲೋ ಎಲ್ಲಿದೆ? ಸರಿಯಾಗಿ ಬರಿ."

ಇಬ್ಬರೂ ಸೇರಿ ರಟ್ಟಿನ ಹಿಂಬದಿಯಲ್ಲಿ ಹೊಸದಾಗಿ ಬರೆದರು. ನಲವತ್ತೈದರ ಮೇಲೆ ಇಪ್ಪತ್ತೈದು ಕಿಲೋ, ಐವತ್ತೈದರ ಮೇಲೆ ಇಪ್ಪತ್ತು. ನೋವಿಗೆ ಅಂಟಿಸುವ ಔಷಧಿ ಪಟ್ಟಿಯ ಖರ್ಚು ಬೇರೆ. ಶೆಡ್ಡಿನ ಕಡೆಯ ತಕ್ಕಡಿ ಕಣ್ಣೆದುರೇ ಹಗುರವಾಗುತ್ತಾ ಹೋಯಿತು.

"ಅಡುಗೆ ನಂದು. ನಿನ್ನ ಗಂಡನ ಬಟ್ಟೆ ಅವನೇ ಒಗೆದುಕೊಳ್ಳಲಿ," ಎಂದು ಮಾಕ್ಸುನ್ ಎದ್ದಳು.

ಗಂಡ ಚೊಲ್ಗ್ಯು ಸಿಂಪಿ ಬೆಳೆಸುವ ತೆಪ್ಪಗಳಿಗೆ ಓಡಾಡುವ ದೋಣಿಯಲ್ಲಿ ಕೂಲಿಗಿದ್ದ. ಸಂಜೆ ಮನೆಗೆ ಬಂದವನಿಗೆ ಸುದ್ದಿಯ ಜೊತೆಗೇ ತನ್ನ ಬಟ್ಟೆಯ ವಿಷಯವೂ ತಿಳಿಯಿತು. "ನನ್ನ ಕೇಳೋರು ಯಾರಾದ್ರೂ ಇದ್ದೀರಾ?" ಅಂದ. ಯಾರೂ ಇರಲಿಲ್ಲ. ನಕ್ಕು, ತನ್ನದೇ ಸಣ್ಣ ದೋಣಿಯ ರಿಪೇರಿಗೆಂದು ಕೂಡಿಟ್ಟಿದ್ದ ನಲವತ್ತು ಲಕ್ಷ ವೊನ್ನನ್ನು ಮೊದಲ ಫೀಸಿಗೆ ಕೊಟ್ಟ.

ಮಾರ್ಚಿನಲ್ಲಿ ಕಾಲೇಜು ಶುರುವಾಯಿತು. ಹತ್ತೊಂಬತ್ತರ ಹುಡುಗಿಯರು ಮೊದಲ ದಿನ ಅವಳನ್ನು ಮೇಡಂ ಎಂದುಕೊಂಡು ಎದ್ದು ನಿಂತರು. ಬ್ಯಾಕ್ಟೀರಿಯಾಗಳ ಹೆಸರುಗಳನ್ನು ಅವಳು ಶನಿವಾರ ಶೆಡ್ಡಿನಲ್ಲಿ ಸಿಂಪಿಗೊಂದರಂತೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ವರ್ಷ ಕಳೆಯುವ ಹೊತ್ತಿಗೆ ಅಕ್ಕಪಕ್ಕದ ಹೆಂಗಸರಿಗೂ ಹತ್ತಿಪ್ಪತ್ತು ಬಾಯಿಗೆ ಬಂದಿದ್ದವು.

ನಿಜವಾದ ಪೆಟ್ಟು ಬಿದ್ದದ್ದು ಎರಡನೆಯ ವರ್ಷ, ರಕ್ತ ತೆಗೆಯುವ ಅಭ್ಯಾಸದಲ್ಲಿ. ಬಲಗೈ ಬೆರಳಿನಿಂದ ನರ ತಡವುತ್ತಿದ್ದಳು. ಆದರೆ ಹದಿನಾರು ವರ್ಷ ಚಾಕು ಒತ್ತಿ ದಡ್ಡುಗಟ್ಟಿದ ಬೆರಳಿಗೆ ನರವೂ ಒಂದೇ, ಮೇಜೂ ಒಂದೇ. ಜೊತೆಯ ಸೆಬಿನ್ ಎಂಬ ಹುಡುಗಿ ಮೂರು ಸಲ ಚುಚ್ಚಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡೂ ತೋಳು ಹಿಂದೆಗೆಯಲಿಲ್ಲ.

"ಅಕ್ಕ, ಸಿಂಪಿನ ಯಾವ ಕೈಯಲ್ಲಿ ಹಿಡ್ಕೊತಿದ್ರಿ?"

"ಎಡಗೈಯಲ್ಲಿ. ದಪ್ಪ ಕೈಗವಸು ಹಾಕಿ."

"ಹಾಗಾದ್ರೆ ಆ ಕೈಗೆ ದಡ್ಡಿಲ್ಲ. ಅದರಲ್ಲಿ ಮುಟ್ಟಿ ನೋಡಿ."

ಉನ್‌ಸಿಲ್ ಎಡಗೈ ತೋರುಬೆರಳನ್ನು ಸೆಬಿನ್‌ಳ ಮೊಣಕೈ ಒಳಬದಿಯ ಮೇಲಿಟ್ಟಳು. ಚರ್ಮದ ಕೆಳಗೆ ಮೆತ್ತಗೆ ಪುಟಿಯುವ ದಾರವೊಂದು ಬೆರಳಿಗೆ ಸಿಕ್ಕಿತು. ಬಲಗೈ ಸೂಜಿ ಹಿಡಿಯಿತು. ಚಾಕು ಎಷ್ಟು ಆಳಕ್ಕೆ ಇಳಿಯಬೇಕೆಂದು ಬಲ್ಲ ಕೈ ಅದು, ಅಳುಕಲಿಲ್ಲ. ಕೊಳವೆಯಲ್ಲಿ ಕೆಂಪು ಏರಿತು. ಇಬ್ಬರೂ ಅದನ್ನೇ ನೋಡಿದರು. ಆ ವಾರವಿಡೀ ಉನ್‌ಸಿಲ್ ತರಗತಿಯ ಹನ್ನೊಂದು ಮಂದಿಯ ರಕ್ತ ತೆಗೆದಳು. ಮನೆಗೆ ಹೋದರೂ ಗಂಡನ ತೋಳನ್ನೇ ದಿಟ್ಟಿಸುತ್ತಿದ್ದುದರಿಂದ, ಚೊಲ್ಗ್ಯು ಉಣ್ಣುವಾಗಲೂ ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳತೊಡಗಿದ.

ಮೂರನೆಯ ವರ್ಷದ ಡಿಸೆಂಬರಿನಲ್ಲಿ ಬೂಸಾನ್‌ಗೆ ಹೋಗಿ ಸರಕಾರದ ಪರೀಕ್ಷೆ ಬರೆದಳು. ಬರವಣಿಗೆಯ ಭಾಗ ಸಲೀಸಾಗಿತ್ತು. ಚಿತ್ರ ನೋಡಿ ಜೀವಕೋಶ ಗುರುತಿಸುವ ಭಾಗದಲ್ಲಿ ಹತ್ತಾರು ಕಡೆ ಅನುಮಾನ ಉಳಿಯಿತು. ಫಲಿತಾಂಶದ ದಿನ ಶೆಡ್ಡಿನಲ್ಲಿದ್ದಳು. ಫೋನ್ ಗುಣುಗಿದಾಗ ಅವಳ ಎರಡೂ ಕೈ ಸಮುದ್ರದ ನೀರಿನಲ್ಲಿ ಒದ್ದೆ. ಮಾಕ್ಸುನ್ ಏಪ್ರನ್ ಜೇಬಿನಿಂದ ಫೋನ್ ತೆಗೆದು ಕಣ್ಣಿಗೆ ಹತ್ತಿರ ಹಿಡಿದಳು.

"ಏನಂತೆ ಅತ್ತೆ?"

"ಇರೇ, ಅಕ್ಷರ ಇರುವೆ ಥರ ಇವೆ. ಪ್ಯೊ ಉನ್‌ಸಿಲ್... ಉತ್ತೀರ್ಣ."

ಶೆಡ್ಡಿನ ಇಪ್ಪತ್ತು ಮಂದಿಯೂ ಚಾಕುವಿನ ಹಿಡಿಯಿಂದ ಕಟ್ಟೆಯನ್ನು ಬಡಿದರು. ಚಿತ್ರದ ಭಾಗದಲ್ಲಿ ಬೇಕಾದದ್ದಕ್ಕಿಂತ ಎರಡೇ ಅಂಕ ಹೆಚ್ಚು ಬಂದಿತ್ತು. ಉನ್‌ಸಿಲ್ ನಗುತ್ತಲೇ ಅತ್ತಳು. ಮೂಗು ಒರೆಸಿಕೊಳ್ಳಲು ಹೋಗಿ ಮುಖದ ತುಂಬ ಸಿಂಪಿ ನೀರು ಬಳಿದುಕೊಂಡಳು.

ಕೆಲಸಗಳು ಎರಡು ಒದಗಿದವು. ಬೂಸಾನ್‌ನ ದೊಡ್ಡ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ಲಕ್ಷ, ಆದರೆ ರಾತ್ರಿ ಪಾಳಿ, ಬಾಡಿಗೆ ಕೋಣೆ. ಊರಿನ ಸಣ್ಣ ಆಸ್ಪತ್ರೆಯಲ್ಲಿ ಇಪ್ಪತ್ತಮೂರೂವರೆ, ತೆರಿಗೆ, ವಿಮೆಯ ಕಡಿತವೆಲ್ಲ ಹೋಗಿ ಕೈಗೆ ಇಪ್ಪತ್ತೊಂದು. ಅವಳ ಲೆಕ್ಕದಲ್ಲಿ ಈ ಕಡಿತ ಇರಲೇ ಇಲ್ಲ. ಬಾಡಿಗೆ ಕಳೆದರೆ ಎರಡೂ ಹತ್ತಿರ ಹತ್ತಿರವೇ ಎಂದು ತೂಗಿ ನೋಡಿ ಊರಿನದನ್ನೇ ಹಿಡಿದಳು. ಹಣ ಮರಳಲು ಐದೂವರೆ ವರ್ಷವಾದರೂ ಆಗಲಿ ಎಂದುಕೊಂಡಳು.

ಸೇರಿದ ಮೂರನೆಯ ತಿಂಗಳು ಒಬ್ಬ ಮುದುಕನ ಮಲದ ಮಾದರಿ ಬಂತು. ತಿಂಗಳುಗಟ್ಟಲೆಯಿಂದ ಹೊಟ್ಟೆ ಭಾರ, ಸುಸ್ತು; ವಯಸ್ಸಿನದು ಎಂದೇ ಎಲ್ಲರೂ ಬಿಟ್ಟಿದ್ದರು. ಉನ್‌ಸಿಲ್ ಗಾಜಿನ ಪಟ್ಟಿಯನ್ನು ಸಾಲು ಸಾಲಾಗಿ ಸರಿಸುತ್ತಾ ಹೋದಳು. ಕಸ, ನಾರು, ಗಾಳಿಗುಳ್ಳೆ. ಎಲ್ಲದರ ನಡುವೆ, ಮುಚ್ಚಳವಿರುವ ಪುಟ್ಟ ಹೂಜಿಯಂಥ ಹಳದಿ ಮೊಟ್ಟೆಯೊಂದು. ಹೊಳೆಮೀನನ್ನು ಹಸಿಯಾಗಿ ತಿಂದವರ ಪಿತ್ತಕೋಶದ ಹಾದಿಯಲ್ಲಿ ಬೀಡುಬಿಡುವ ಹುಳುವಿನದು. ಇನ್ನೊಂದು ಪಟ್ಟಿ ಮಾಡಿದಳು. ಅದರಲ್ಲಿ ಎರಡು ಸಿಕ್ಕವು.

ಡಾಕ್ಟರಿಗೆ ಫೋನ್ ಮಾಡಿ, ಕಂಡದ್ದು ಯಾವ ಹುಳುವಿನ ಮೊಟ್ಟೆ ಎಂದು ಹೇಳಿದಳು.

"ಖಾತ್ರಿನಾ? ಅವರು ಮೀನಿನ ವಿಷಯ ಹೇಳೇ ಇಲ್ಲ," ಎಂದರು ಡಾಕ್ಟರು.

"ನೀವೇ ಕೆಳಗೆ ಬಂದು ನೋಡಿ ಸಾರ್. ನಾನು ಪಟ್ಟಿ ಅಲ್ಲಾಡಿಸದೆ ಇಟ್ಟಿರ್ತೀನಿ."

ಡಾಕ್ಟರು ಎರಡು ಮಹಡಿ ಇಳಿದು ಬಂದರು. ಕಣ್ಣಿಟ್ಟು ನೋಡಿದರು. "ಇದಕ್ಕೆ ಮಾತ್ರೆ ಇದೆ, ವಾಸಿಯಾಗುತ್ತೆ," ಎಂದು ಎದ್ದು, ಮುದುಕನ ಮನೆಗೆ ಫೋನ್ ಮಾಡಲು ಮೆಟ್ಟಿಲು ಹತ್ತಿದರು.

ಉನ್‌ಸಿಲ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಆ ಮೊಟ್ಟೆಯನ್ನು ಇನ್ನೊಮ್ಮೆ ನೋಡಿದಳು.