ಮಾಸಿನಲ್ಲಿ ಅಪ್ಪನ ಪಾಲು

ಕುಷ್ಟಗಿ ಕಡೆಯಿಂದ ಬಂದು ಲಗ್ಗೆರೆಯಲ್ಲಿ ನೆಲೆಸಿದ ಹನುಮವ್ವ ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಬಿಟ್ಟದ್ದೇ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಇಳಿಯುವಷ್ಟರಲ್ಲಿ ಅವರ ಮನೆದೇವರು, ಮಕ್ಕಳ ಹೆಸರು, ಮಂಡಿನೋವು ಎಲ್ಲ ಅವಳಿಗೆ ಗೊತ್ತಾಗಿರುತ್ತಿತ್ತು. ಕಿರಿಮಗ ಫಕೀರೇಶ ಹೋಟೆಲ್ ಊಟ ತಲುಪಿಸುತ್ತ ಬೈಕಿನಲ್ಲಿ ಊರೆಲ್ಲ ಸುತ್ತುತ್ತಿದ್ದ. ಸೊಸೆ ನೀಲಾಂಬಿಕಾ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಗೆ ಹೋಗುತ್ತಿದ್ದಳು. ಮನೆಯೂ ಪುಟ್ಟ ಮೊಮ್ಮಗಳು ವಚನಾಳೂ ಹನುಮವ್ವನ ಸುಪರ್ದಿಗೆ.

ಅತ್ತೆ ಸೊಸೆ ಹೊಂದಿಕೊಂಡೇ ಇದ್ದರು. ಒಂದು ಮಾತು ಮಾತ್ರ ಆಗಾಗ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ವಚನಾ ಹುಟ್ಟಿದಾಗ ಎರಡು ಕೆಜಿಯೂ ತೂಗಿರಲಿಲ್ಲ. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಳ್ಳಬೇಕಾಯಿತು. ಈಗ ಆ ಹುಡುಗಿ ಓಣಿಯ ಮಕ್ಕಳನ್ನೆಲ್ಲ ಅಟ್ಟಿಸಿಕೊಂಡು ಓಡುವಷ್ಟು ಗಟ್ಟಿ. ಆದರೂ ಯಾರಾದರೂ ಆ ವಿಷಯ ಎತ್ತಿದರೆ ಹನುಮವ್ವನ ಬಾಯಿಂದ ಬರುತ್ತಿದ್ದುದು ಇಷ್ಟೇ: "ಬಸುರಿದ್ದಾಗ ಈಕಿ ಸರಿಯಾಗಿ ಉಂಡ್ಳೇನ್ರಿ? ಕೂಸು ಹೆಂಗ ದಪ್ಪ ಆಗಬೇಕು?" ಒಳಗೆ ನೀಲಾಂಬಿಕಾ ಪಾತ್ರೆ ತೊಳೆಯುವ ಸದ್ದು ಜೋರಾಗುತ್ತಿತ್ತು.

ಎರಡನೆಯ ಬಸುರಿಗೆ ಹನುಮವ್ವ ಟೊಂಕ ಕಟ್ಟಿ ನಿಂತಳು. ರೊಟ್ಟಿ, ಶೇಂಗಾ ಹಿಂಡಿ, ಕಾಳುಪಲ್ಯೆ, ಬೆಲ್ಲ ತುಪ್ಪ, ಎಲ್ಲವನ್ನೂ ಎದುರು ಕೂತು ತಿನ್ನಿಸಿದಳು. ರಾಜಾಜಿನಗರದ ಆಸ್ಪತ್ರೆಗೆ ತಪಾಸಣೆಗೂ ತಾನೇ ಜೊತೆಗೆ ಹೋಗುತ್ತಿದ್ದಳು. ದಿನ ತುಂಬುತ್ತ ಬಂದಾಗ ಒಂದು ಬೆಳಿಗ್ಗೆ, ಅವರು ಕೂತಿದ್ದ ಬೆಂಚಿಗೆ ಸ್ಪಂದನ ಎಂಬ ಹುಡುಗಿ ಬಂದಳು. ಡಾಕ್ಟರ್ ಅಲ್ಲ, ಸಂಶೋಧನೆ ಮಾಡುತ್ತಿರುವವಳು.

"ಅಜ್ಜಿ, ಮಗು ಹುಟ್ಟಿದ್ಮೇಲೆ ಮಾಸು ಬೀಳುತ್ತಲ್ಲ, ಅದ್ರಲ್ಲಿ ಒಂದು ಚೂರು ನಮ್ಗೆ ಬೇಕಿತ್ತು. ಅದ್ರ ಮೇಲೇನೇ ನಾನು ಓದ್ತಾ ಇರೋದು."

ಹನುಮವ್ವ ಹೌಹಾರಿದಳು. "ಏನ್ ಮಾತಂತ ಆಡ್ತೀಯವ್ವಾ! ಅದನ್ನ ನಾವು ಅರಿಷಿಣ ಕುಂಕುಮ ಹಾಕಿ ಮಣ್ಣಾಗ ಇಡ್ತೀವಿ. ನಾಯಿ ಮುಟ್ಟಬಾರ್ದು, ಕಾಗಿ ಮುಟ್ಟಬಾರ್ದು."

"ನಾಯಿ, ಕಾಗೆ ಜೊತೆಗೆ ನನ್ನೂ ಸೇರಿಸ್ಬಿಟ್ರಲ್ಲ ಅಜ್ಜಿ!" ಎಂದು ಹುಡುಗಿ ಗೊಳ್ಳನೆ ನಕ್ಕಳು.

ಆ ನಗು ಹನುಮವ್ವನಿಗೆ ಹಿಡಿಸಿತು. ಸರಿದು ಜಾಗ ಮಾಡಿ ಕೂರಿಸಿಕೊಂಡಳು. ಊರು ಮೂಡಲಪಾಳ್ಯ, ಅಪ್ಪನದು ಅಂಗಡಿ, ಮದುವೆ ಇನ್ನೂ ಆಗಿಲ್ಲ ಎಂಬುದೆಲ್ಲ ಹೊರಬಿದ್ದ ಮೇಲೆ ಕೇಳಿದಳು: "ಅಲ್ಲ ತಂಗಿ, ಮಾಸಿನಾಗ ಏನ್ ಓದ್ತೀ? ಅದರಾಗೇನು ಅಕ್ಷರ ಅದಾವೇನು?"

"ಹೆಚ್ಚುಕಮ್ಮಿ ಹಂಗೇ ಅಂದ್ಕೊಳ್ಳಿ. ಮೈಯ ಒಂದೊಂದು ಕಣದಲ್ಲೂ ಜೀನ್ ಅಂತ ಇರ್ತವೆ, ಮಾಸಿನಲ್ಲೂ ಇರ್ತವೆ. ಅಮ್ಮನ ರಕ್ತದಿಂದ ಊಟ, ಉಸಿರು ಎಲ್ಲ ಎಳ್ಕೊಂಡು ಮಗುಗೆ ಕೊಡೋದು ಮಾಸೇ ಅಲ್ವಾ? ಆ ಕೆಲಸ ಮಾಡ್ಸೋದು ಈ ಜೀನ್‌ಗಳು. ಕೆಲವು ಚುರುಕಾಗಿರ್ತವೆ, ಕೆಲವು ಸುಮ್ನಿರ್ತವೆ. ಯಾವ್ದು ಎಷ್ಟು ಚುರುಕು ಅನ್ನೋದು ಬಸುರಿಂದ ಬಸುರಿಗೆ ಬೇರೆ. ಅದೇ ಅಮ್ಮ, ಅದೇ ಅಪ್ಪ, ಆದ್ರೂ ಮೊದಲ್ನೇ ಸಲ ಒಂಥರ, ಎರಡನೇ ಸಲ ಇನ್ನೊಂಥರ."

ಹನುಮವ್ವನಿಗೆ ತನ್ನ ಬಾಣಂತನಗಳು ನೆನಪಾದವು. ಹಿರಿಯ ಕೊಟ್ರಪ್ಪ ಹುಟ್ಟುವಾಗಲೇ ಕುಂಬಳಕಾಯಿಯಂತಿದ್ದ. ಫಕೀರೇಶ ಅಳಿಲಿನ ಮರಿಯಷ್ಟು. ಹತ್ತಿಯಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿದ್ದರು. ಎರಡೂ ಸಲ ಅದೇ ಹೊಲ, ಅದೇ ರೊಟ್ಟಿ. ಆದರೂ ಅವಳ ಅತ್ತೆ ಬದುಕಿರುವವರೆಗೂ "ನೀ ಹೊಟ್ಟಿ ಕಟ್ಟಿ ಕುಂತಿ, ಅದಕ್ಕ ಕೂಸು ಹಿಂಗಾತು" ಎಂದು ಅಂದದ್ದೇ ಅಂದದ್ದು.

"ಹಂಗಾದ್ರ ತಾಯಿ ಉಂಡಿದ್ದು, ಬಿಟ್ಟಿದ್ದು ಲೆಕ್ಕಕ್ಕಿಲ್ಲೇನು?"

"ಊಟಾನೂ ಮುಖ್ಯ ಅಜ್ಜಿ. ಆದ್ರೆ ಊಟ ಒಂದೇ ಅಲ್ಲ. ಒಂದೊಂದ್ಸಲ ಯಾಕೆ ಅಂತ ನಮ್ಗೂ ಗೊತ್ತಿಲ್ಲ, ಅದಕ್ಕೇ ಓದ್ತಿರೋದು. ಇನ್ನೊಂದು ವಿಷ್ಯ ಹೇಳ್ಲಾ? ಮಾಸು ಬೆಳೆಯೋದು ಹೆಚ್ಚಾಗಿ ಮಗು ಕಡೆಯಿಂದ. ಅದ್ರೊಳಗೆ ಅಪ್ಪನ ಜೀನ್‌ಗಳೂ ಇರ್ತವೆ. ಅರ್ಧ ಪಾಲು ಅವ್ರದ್ದೇ."

ಅಲ್ಲಿಯವರೆಗೆ ತಲೆ ಬಗ್ಗಿಸಿ ಕೂತಿದ್ದ ನೀಲಾಂಬಿಕಾ ತಟ್ಟನೆ ಮುಖ ಎತ್ತಿದಳು. "ಏನಂದ್ರಿ ಮೇಡಂ? ಇನ್ನೊಂದ್ ಸಲ ಹೇಳ್ರಿ. ಸ್ವಲ್ಪ ಜೋರಾಗಿ ಹೇಳ್ರಿ."

ಸ್ಪಂದನ ಜೋರಾಗಿಯೇ ಹೇಳಿದಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹಂಗಾದ್ರ ಅರ್ಧ ತಪ್ಪು ನನ್ನ ಮಗಂದ!" ಎಂದು ಮೊದಲು ನಕ್ಕವಳು ಹನುಮವ್ವ. ನೀಲಾಂಬಿಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಾಲಿನಲ್ಲಿ ಕೂತ ಬಸುರಿಯರೆಲ್ಲ ಇವರತ್ತ ತಿರುಗಿದರು.

ಒಪ್ಪಿಗೆ ಮಾತ್ರ ನೀಲಾಂಬಿಕಾಳೇ ಕೊಡಬೇಕು, ಬೇಡವೆಂದರೂ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ ಎಂದು ಸ್ಪಂದನ ಬಿಡಿಸಿ ಹೇಳಿದಳು. ನೀಲಾಂಬಿಕಾ ತಡಮಾಡಲಿಲ್ಲ. "ಚೂರು ನೀವು ತಗೋರಿ. ಉಳಿದಿದ್ದು ಮಣ್ಣಿಗೆ ಹೋಗ್ಬೇಕು, ನಮ್ಮ ಅತ್ತಿ ಮಾತೂ ನಡೀಬೇಕು." ಸೊಸೆ ಇಷ್ಟು ಖಡಾಖಂಡಿತವಾಗಿ ಮಾತಾಡಿದ್ದನ್ನು ಹನುಮವ್ವ ಕೇಳಿದ್ದು ಅದೇ ಮೊದಲು. ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು.

ಆದರೆ ಲಗ್ಗೆರೆಯಲ್ಲಿ ಮಣ್ಣೆಲ್ಲಿದೆ? ಓಣಿ ಕಾಂಕ್ರೀಟು, ಅಂಗಳ ಸಿಮೆಂಟು. ಮನೆ ಮಾಲೀಕಳಾದ ಮುನಿತಾಯಮ್ಮ ಅಲ್ಲಿ ಹೊಲಗಳಿದ್ದ ಕಾಲದವಳು. ವಿಷಯ ಕೇಳಿ ನಕ್ಕುಬಿಟ್ಟಳು. "ನನ್ ಮಕ್ಕಳ ಮಾಸೆಲ್ಲ ಹೂತಿದ್ ಜಾಗದ್ ಮೇಲೆ ಈಗ ಸ್ಕೂಟರ್ ನಿಲ್ಸವ್ರೆ ಕಣಮ್ಮ! ಹಿಂದ್ಗಡೆ ನುಗ್ಗೆ ಮರದ ಬುಡ ಐತಲ್ಲ, ಅಲ್ಲೇ ಮಡಗು. ಯಾರ್ ಬ್ಯಾಡ ಅಂತಾರೆ?"

ಹೆರಿಗೆ ಒಂದು ಮುಂಜಾನೆ ಸಲೀಸಾಗಿ ಆಯಿತು. ಗಂಡುಮಗು, ಮೂರು ಕೆಜಿ ದಾಟಿತ್ತು. ತಡವಾದರೆ ಪರೀಕ್ಷೆಗೆ ಬಾರದೆಂದು ಸ್ಪಂದನ ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಹಿಡಿದು ಮೊದಲೇ ಬಂದು ನಿಂತಿದ್ದಳು. ಕೆಲಸ ಮುಗಿಸಿ ಹೊರಬಂದವಳನ್ನು ಹನುಮವ್ವ ಬಾಗಿಲಲ್ಲೇ ತಡೆದಳು.

"ಚೂರು ಅಂದಿದ್ದಿ. ತೋರ್ಸು ನೋಡೋಣು."

ಪುಟ್ಟ ಡಬ್ಬಿಗಳಲ್ಲಿ ಉಗುರಿನಷ್ಟು ತುಣುಕುಗಳು. ಹನುಮವ್ವ ಬಗ್ಗಿ ನೋಡಿ, "ಇಷ್ಟಕ್ಕ ಇಷ್ಟು ದೊಡ್ಡ ಪೆಟಗಿ ತಂದೀಯೇನು?" ಎಂದು ಅವಳ ಗಲ್ಲ ಸವರಿ ಕಳಿಸಿದಳು.

ಉಳಿದದ್ದನ್ನು ಆಸ್ಪತ್ರೆಯವರು ಮುಚ್ಚಳದ ಡಬ್ಬಿಯಲ್ಲಿ ಹಾಕಿಕೊಟ್ಟರು. ಫಕೀರೇಶ ಊಟ ತಲುಪಿಸುವ ಕಂಪನಿಯ ಚೀಲವನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಆದರೆ ಮೈಮೇಲೆ ಕಂಪನಿಯ ಅಂಗಿಯಿತ್ತು. ಗೇಟಿನಲ್ಲಿ ಕಾವಲುಗಾರ ಡಬ್ಬಿ ನೋಡಿ, "ಏನ್ ಗುರು, ಆರ್ಡರ್ ವಾಪಸ್ ತಗೊಂಡ್ ಹೋಗ್ತಿದೀಯಾ? ಬಿರಿಯಾನೀನಾ?" ಎಂದ. ಫಕೀರೇಶನ ಮುಖ ಕೆಂಪಾಯಿತು. ಬೈಕಿನ ಹಿಂದೆ ಕೂತಿದ್ದ ಹನುಮವ್ವ, "ಅಲ್ಲಪಾ, ಇದು ಮನಿ ಮಾಲು. ಅರ್ಧ ಇವಂದ!" ಎಂದಳು. ಕಾವಲುಗಾರನಿಗೆ ಏನೂ ತಿಳಿಯಲಿಲ್ಲ. ಬೈಕು ಹೊರಟಿತು.

ನುಗ್ಗೆ ಮರದ ಬುಡದಲ್ಲಿ ಫಕೀರೇಶ ಆಳವಾಗಿ ಅಗೆದ. ಹನುಮವ್ವ ಅರಿಸಿನ ಕುಂಕುಮ ಹಾಕಿದಳು. ಮುನಿತಾಯಮ್ಮ ತಾನಾಗಿಯೇ ಒಂದು ಹಿಡಿ ಹೂವು ತಂದು ಮೇಲೆ ಚೆಲ್ಲಿದಳು.

ಮಗುವಿಗೆ ಅಮರೇಶ ಎಂದು ಹೆಸರಿಟ್ಟ ದಿನ ಊರಿನಿಂದ ಹನುಮವ್ವನ ನಾದಿನಿಯ ಫೋನು ಬಂತು. ಅಡುಗೆಮನೆಯ ಗದ್ದಲದಲ್ಲಿ ಸರಿಯಾಗಿ ಕೇಳಿಸಲೆಂದು ಸ್ಪೀಕರ್ ಹಾಕಿದ್ದರು. "ಈ ಸಲ ಸೊಸಿ ಚಲೋ ಉಂಡಾಳ ಬಿಡು. ಹೋದ ಸಲದಂಗ ಮಾಡ್ಲಿಲ್ಲ" ಎಂದಿತು ಆ ದನಿ. ತೊಟ್ಟಿಲು ತೂಗುತ್ತಿದ್ದ ನೀಲಾಂಬಿಕಾಳ ಕೈ ನಿಂತಿತು.

ಹನುಮವ್ವ ಲಟ್ಟಣಿಗೆ ಕೆಳಗಿಟ್ಟಳು. "ಹೋದ ಸಲಾನೂ ಆಕಿ ಉಂಡಾಳ. ಕೆಲಸಕ್ಕೂ ಹೋಗ್ಯಾಳ, ಕೂಸನ್ನೂ ಹೊತ್ತಾಳ. ಮಾಸು ಒಂದೊಂದ್ ಬಸರಾಗ ಒಂದೊಂದ್ ಥರ ಕೆಲಸ ಮಾಡ್ತೈತಿ, ಓದಿದವ್ರು ಹೇಳ್ಯಾರ. ಇನ್ನ ಮ್ಯಾಲ ನಮ್ಮ ನೀಲವ್ವಗ ಯಾರೂ ಏನೂ ಅನ್ನಂಗಿಲ್ಲ. ನಾನೂ ಅನ್ನಂಗಿಲ್ಲ."

ನೀಲಾಂಬಿಕಾ ಎದ್ದು ಬಂದು ಅತ್ತೆಯ ಪಕ್ಕ ಕೂತು, ಹೋಳಿಗೆಗೆ ಹೂರಣದ ಉಂಡೆ ಕಟ್ಟತೊಡಗಿದಳು. ಬಾಣಂತಿ ಏಳಬಾರದೆಂದು ಹನುಮವ್ವ ಗದರಿದಳು. ಅವಳು ಅಲ್ಲಿಂದ ಕದಲಲಿಲ್ಲ.

ಮಧ್ಯಾಹ್ನ ಸ್ಪಂದನಳೂ ಊಟಕ್ಕೆ ಬಂದಳು. "ನಮ್ಮ ಮಾಸು ಏನಂತು ತಂಗಿ?" ಎಂದು ಹನುಮವ್ವ ಕೇಳಿದಳು. ಒಂದರಿಂದ ಏನೂ ತಿಳಿಯುವುದಿಲ್ಲ, ನೂರಾರು ಒಟ್ಟಿಗಿಟ್ಟು ನೋಡಬೇಕು, ವರ್ಷಗಳೇ ಹಿಡಿಯಬಹುದು ಎಂದಳು ಹುಡುಗಿ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತನ್ನ ಮಾತು ಕೇಳಿದರೆ ಹೆದರಿ ಎದ್ದು ಹೋಗುತ್ತಾರೆ ಎಂದೂ ಅಲವತ್ತುಕೊಂಡಳು.

"ನೀ ಬಂದಕೂಡ್ಲೇ ಮಾಸು ಕೊಡ್ರಿ ಅಂತ ಕೇಳಿದ್ರ ಹೆದರೂದಿಲ್ಲೇನು? ಮೊದ್ಲು ಯಾವೂರು ಅಂತ ಕೇಳು, ಹೆಂಗದೀ ಅಂತ ಕೇಳು," ಎಂದು ಹನುಮವ್ವ ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. "ಅಮರೇಶನ ಚುಚ್ಚುಮದ್ದಿಗೆ ಸೋಮವಾರ ಬರ್ತೀವಿ. ಆವಾಗ ನಿನ್ನ ಕೂಡ ನಾನೂ ಬೆಂಚಿನ ಮ್ಯಾಲ ಕುಂದರ್ತೀನಿ, ನೋಡೋಣು."