ಪರವಾಗಿಲ್ಲ ಅಂದ ಮೂರು ತಿಂಗಳು

ಮಾತ್ರೆ ಶುರುವಾದ ಎರಡನೇ ವಾರಕ್ಕೇ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಸೂಲಿಬೆಲೆ ಹತ್ತಿರದ ನಮ್ಮೂರ ಹಾಲಿನ ಡೇರಿಯಲ್ಲಿ ನಾನು ಟೆಸ್ಟರ್. ಒಬ್ಬೊಬ್ಬರು ತಂದ ಹಾಲಿನಿಂದ ಪುಟ್ಟ ಬಾಟಲಿಗೆ ಸ್ಯಾಂಪಲ್ ತೆಗೆದು, ಫ್ಯಾಟ್ ಎಷ್ಟಿದೆ ಎಂದು ಮಷೀನಿನಲ್ಲಿ ನೋಡಿ ಚೀಟಿ ಕೊಡುವ ಕೆಲಸ. ಅವತ್ತು ಬೆಳಿಗ್ಗೆ ನಿಂತಲ್ಲೇ ನಿಂತಿದ್ದೆ. ಆದರೂ ಬಸ್ಸಿಗೆ ಓಡಿ ಬಂದವಳ ಹಾಗೆ ಎದೆ ಢವಢವ ಅನ್ನುತ್ತಿತ್ತು.

ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿ? ಮೂವತ್ನಾಲ್ಕು ವರ್ಷ 'ಮೈಮೇಲೆ ಗ್ಯಾನ ಇಲ್ಲದವಳು' ಅನ್ನಿಸಿಕೊಂಡು ಬದುಕಿದವಳು ನಾನು. ಡೇರಿಯಲ್ಲಿ ಒಬ್ಬರ ಬಾಟಲಿ ಇನ್ನೊಬ್ಬರ ನಂಬರಿಗೆ ಹೋಗಿ ದೊಡ್ಡ ಜಗಳವಾಗಿತ್ತು. "ಇನ್ನೊಂದ್ಸಲ ಇಂಗಾದ್ರೆ ಬೇರೆಯವ್ರನ್ನ ನೋಡ್ಕೊಬೇಕಾಯ್ತದೆ ಕಣಮ್ಮ," ಅಂದಿದ್ದರು ಸೆಕ್ರೆಟರಿ. ಆಮೇಲೇ ನಾನು ಹೊಸಕೋಟೆಯ ಸೈಕಿಯಾಟ್ರಿಸ್ಟ್ ಹತ್ತಿರ ಹೋದದ್ದು. ಅವರು ಎರಡು ಸಲ ಕೂರಿಸಿಕೊಂಡು, ಚಿಕ್ಕಂದಿನದನ್ನೆಲ್ಲ ಕೇಳಿ, "ಇದು ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ. ನಿಮ್ಮ ತಪ್ಪಲ್ಲ," ಅಂದರು. ಆ ಎರಡನೇ ಮಾತಿಗೆ ಅಲ್ಲೇ ಅತ್ತುಬಿಟ್ಟೆ.

ಮಾತ್ರೆ ಕೆಲಸ ಮಾಡಿತು. ತಲೆಯೊಳಗಿನ ಸಂತೆ ನಿಂತಿತು. ಒಂದು ಬಾಟಲಿಯೂ ಅದಲುಬದಲಾಗಲಿಲ್ಲ. "ಏನವ್ವ ಭಾಗ್ಯ, ಈಗ ಶಾನೆ ಚುರುಕಾಗ್ಬಿಟ್ಟೆ!" ಎಂದು ಜನ ಹೇಳಿದಾಗ ನನಗೆ ಒಳಗೊಳಗೇ ಜಂಬ. ಆದರೆ ಹಸಿವು ಸತ್ತಿತ್ತು. ಸಾಯಂಕಾಲ ಮಾತ್ರೆಯ ಬಲ ಇಳಿಯುವ ಹೊತ್ತಿಗೆ ಕಾರಣವಿಲ್ಲದ ಸಿಟ್ಟು. ಮಗಳು ಪೆನ್ಸಿಲ್ ಎಲ್ಲಿ ಅಂದರೂ ಕಿರುಚುತ್ತಿದ್ದೆ. ಆಮೇಲೆ ಕೊಟ್ಟಿಗೆಯಲ್ಲಿ ಕೂತು ಅಳುತ್ತಿದ್ದೆ.

ತಿಂಗಳಿಗೊಮ್ಮೆ ಡಾಕ್ಟರು ಕೇಳುತ್ತಿದ್ದರು: ಊಟ? ನಿದ್ದೆ? ಎದೆಬಡಿತ?

"ಪರವಾಗಿಲ್ಲ ಮೇಡಂ."

ತೂಕ ಯಾಕೆ ಇಳಿದಿದೆ ಅಂದರೆ, "ಬಿಸ್ಲು ಮೇಡಂ, ಕೆಲ್ಸ ಜಾಸ್ತಿ," ಅಂದೆ. ನಮ್ಮ ಕಡೆಯವರು ಡಾಕ್ಟರ ಮುಂದೆ ಹೀಗೇ. ಔಷಧಿ ಕೊಟ್ಟವರಿಗೆ ಅದು ಹಿಡಿಸಲಿಲ್ಲ ಎಂದು ಹೇಳುವುದೆಂದರೆ ಬಡಿಸಿದ ಊಟದಲ್ಲಿ ಕೊಂಕು ತೆಗೆದ ಹಾಗೆ ಅನ್ನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ನನಗೆ ಭಯವಿತ್ತು. ಮಾತ್ರೆ ನಿಲ್ಲಿಸಿಬಿಟ್ಟರೆ ನಾನು ಮತ್ತೆ ಆ ಹಳೆಯ ಭಾಗ್ಯ. ಡೇರಿಯ ಕೆಲಸಕ್ಕೂ ಎಳ್ಳುನೀರು.

ಮೂರನೇ ತಿಂಗಳು, "ನಾನೂ ಬರ್ತೀನಿ ನಡಿ," ಎಂದು ಅತ್ತೆ ಹೊರಟರು. 'ತಲೆಗೆಲ್ಲ ಯಾಕೆ ಮಾತ್ರೆ' ಎಂದು ಮೊದಲಿನಿಂದ ರಾಗ ಎಳೆದವರೇ ಅವರು. ಇವತ್ತು ನಿಲ್ಲಿಸಿಯೇ ತೀರುತ್ತಾರೆ ಅಂದುಕೊಂಡೆ.

ಡಾಕ್ಟರು ಕೇಳಿದರು. ನಾನು ಪರವಾಗಿಲ್ಲ ಅಂದೆ.

"ಏನ್ ಪರವಾಗಿಲ್ಲ? ಸುಳ್ಳು ಡಾಕ್ಟ್ರಮ್ಮ!" ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. "ಅರ್ಧ ಮುದ್ದೆ ಉಂಡು ಮಿಕ್ಕಿದ್ದು ನಾಯಿಗಾಕ್ತಾಳೆ. ಎದೆ ಮೇಲೆ ಕೈ ಇಟ್ಕೊಂಡು ನಿಂತ್ಕೊತಾಳೆ. ಸಾಯಂಕಾಲ ಆದ್ರೆ ಮಗೀನ ಮೇಲೆ ಎಗರಾಡಿ, ಕೊಟ್ಟಿಗೇಲಿ ಕೂತು ಅಳ್ತಾಳೆ. ನಂಗೇನ್ ಕಣ್ ಕಾಣಲ್ವಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಅತ್ತೆ ಇನ್ನೂ ಮುಗಿಸಿರಲಿಲ್ಲ.

"ಅಂಗಂತ ನಿಲ್ಲಿಸ್ಬಿಟ್ಟೀರಾ ಮತ್ತೆ! ಅದ್ರಿಂದ್ಲೇ ಇವ್ಳು ತಲೆ ಎತ್ಕೊಂಡು ಕೆಲ್ಸಕ್ಕೋಗ್ತಿರೋದು. ಬೇರೆ ಯಾವ್ದಾದ್ರೂ ಇದ್ರೆ ಕೊಡಿ."

ಇಷ್ಟು ದಿನ ಇವರನ್ನು ನಾನು ಎಷ್ಟು ತಪ್ಪು ತಿಳಿದುಕೊಂಡಿದ್ದೆ! ನಾಚಿಕೆಯಾಯಿತು. ಅಳುವೂ ಬಂತು.

ಡಾಕ್ಟರು ಬಿಪಿ ನೋಡಿ ಇಸಿಜಿ ಮಾಡಿಸಿದರು. ಗಾಬರಿಯಾಗುವಂಥದ್ದೇನೂ ಇರಲಿಲ್ಲ. "ಒಂದು ಮಾತ್ರೆ ಹಿಡಿಸಲಿಲ್ಲ ಅಂದ್ರೆ ನನಗೇನೂ ಬೇಜಾರಿಲ್ಲ ಭಾಗ್ಯ. ಹೇಳದೆ ಇದ್ರೆ ನನಗೆ ಹೇಗೆ ಗೊತ್ತಾಗಬೇಕು?" ಅಂದರು. ಬೇರೆ ಬಗೆಯ ಮಾತ್ರೆ ಬರೆದರು. ಅದು ನಿಧಾನ, ಗುಣ ಕಾಣಲು ಕೆಲವು ವಾರ ಬೇಕು, ಅದರಲ್ಲೂ ಹಸಿವು, ಎದೆಬಡಿತದ ಮೇಲೆ ಕಣ್ಣಿಟ್ಟಿರಬೇಕು ಎಂದು ವಿವರಿಸಿದರು.

"ಅಲ್ಲಿವರೆಗೂ ಡೇರೀಲಿ ಏನ್ ಮಾಡ್ಲಿ ಮೇಡಂ?"

"ಅಲ್ಲಿ ಒಬ್ಬರಿಗಾದ್ರೂ ನಿಜ ಹೇಳಿ."

ಎರಡು ದಿನ ಒದ್ದಾಡಿ ಸೆಕ್ರೆಟರಿಗೆ ಹೇಳಿದೆ. ಮುಖ ಗಂಟಿಕ್ಕಿಕೊಂಡು ಪೂರ್ತಿ ಕೇಳಿದರು. "ಅದಕ್ಯಾಕಮ್ಮ ಇಷ್ಟು ಹೆದ್ರಿಕೆ? ನನ್ ಬಿಪಿ ಮಾತ್ರೇನೂ ಮೂರ್ ಸಲ ಬದ್ಲಾಯಿಸವ್ರೆ," ಅಂದರು.

ಹೊಸ ಮಾತ್ರೆಗೆ ಈಗ ಐದನೇ ವಾರ. ಸಾಯಂಕಾಲದ ಸಿಟ್ಟು ಇಳಿದಿದೆ. ಎದೆ ಮೊದಲಿನಷ್ಟು ಹಾರುವುದಿಲ್ಲ. ಗಮನ ಮಾತ್ರ ಇನ್ನೂ ಪೂರ್ತಿ ನಿಲ್ಲುತ್ತಿಲ್ಲ. ಈ ಮಾತ್ರೆಯೇ ಕೊನೆಯೋ, ಇನ್ನೊಂದು ನೋಡಬೇಕೋ, ಡಾಕ್ಟರಿಗೂ ಗೊತ್ತಿಲ್ಲ.

ಮೊನ್ನೆ ಬೆಳಿಗ್ಗೆ ಮಷೀನಿಗೆ ಇಡುವಾಗ ಎರಡು ಬಾಟಲಿ ಅದಲುಬದಲಾದವು.

ಬಾಟಲಿಗಳ ಮೇಲಿನ ನಂಬರು ನೋಡಿ ಚೀಟಿ ಕೊಡುವ ಮೊದಲೇ ನನಗೆ ತಿಳಿಯಿತು; ಎಲ್ಲಿಂದ ತಪ್ಪಿತು ಎಂದು ಮಾತ್ರ ಗೊತ್ತಾಗಲಿಲ್ಲ. ಮುಂಚೆಯಾಗಿದ್ದರೆ ಹೇಗೋ ಮುಚ್ಚಿಹಾಕುತ್ತಿದ್ದೆ. "ತಪ್ಪಾಗ್ಬಿಡ್ತು. ಎಲ್ರುದೂ ಇನ್ನೊಂದ್ಸಲ ನೋಡ್ಬೇಕು," ಎಂದು ಗಟ್ಟಿಯಾಗಿ ಹೇಳಿದೆ. ಸಾಲಿನಲ್ಲಿದ್ದವರು ಗೊಣಗಿದರು. ಒಬ್ಬರು ಟೈಮಾಯ್ತು ಅಂದರು. ಸೆಕ್ರೆಟರಿ ಕೂತಲ್ಲಿಂದಲೇ, "ನೋಡಮ್ಮ, ನಿಧಾನಕ್ಕೆ ನೋಡು," ಅಂದರು.

ಖಾಲಿ ಕ್ಯಾನು ಹಿಡಿದುಕೊಂಡು ಎಲ್ಲರೂ ಕಾದರು.